ಸಾಕಮ್ಮನ ಕಾಗದ ಓದಿದ ಮಳೆಗಾಲ

ಹೋದ ವಾರ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಸಣ್ಣಗೆ ಜಿನುಗುತ್ತಿತ್ತು. ಗೂಡ್ಸ್ ಆಟೋದಿಂದ ಏಳೆಂಟು ಹೆಂಗಸರು ಇಳಿದು ನನ್ನ ಪಕ್ಕದಲ್ಲೇ ನಿಂತರು. ನಾಟಿ ಮುಗಿಸಿ ಬಂದವರು. ಎಲ್ಲರ ಸೀರೆಗೂ ಮೊಣಕಾಲಿನವರೆಗೆ ಕೆಸರು. ಗದ್ದೆ ಕೆಸರಿಗೆ ಒಂದು ವಾಸನೆಯಿದೆ, ಹುಳಿ ಬಂದ ಹಿಟ್ಟಿನಂಥದ್ದು. ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಇನ್ನಷ್ಟು ಹತ್ತಿರ ಸರಿದೆ. "ಯಾಕವ್ವ, ಸೀರೆಗೆ ಮೆತ್ಕತ್ತದೆ, ಅತ್ಲಾಗ್ ನಿಂತ್ಕಳಿ" ಅಂದಳು ಒಬ್ಬಾಕೆ. ಮೆತ್ತಿಕೊಂಡರೆ ಮೆತ್ತಿಕೊಳ್ಳಲಿ ಅಂದೆ. ಬಸ್ಸು ಬರುವಷ್ಟರಲ್ಲಿ ನಾನು ಕೆ.ಆರ್. ನಗರ ತಾಲ್ಲೂಕಿನ ಒಂದು ಊರಿಗೆ, ಅಲ್ಲಿ ಕಳೆದ ಒಂದು ಮಳೆಗಾಲಕ್ಕೆ ಹೋಗಿ ಬಂದಿದ್ದೆ.

ನಾನು ಸಮಾಜ ವಿಜ್ಞಾನದ ಟೀಚರು. ಮನೆ ಹುಣಸೂರು. ಆಗ ನನ್ನನ್ನು ಹಾಕಿದ್ದದ್ದು ಹೊಸ ಅಗ್ರಹಾರದಿಂದ ಎರಡು ಮೈಲಿಯ ಒಂದು ಹೈಸ್ಕೂಲಿಗೆ. ವಾರವೆಲ್ಲ ಹೊಸ ಅಗ್ರಹಾರದ ಬಾಡಿಗೆ ಕೋಣೆ, ಶನಿವಾರ ಮಧ್ಯಾಹ್ನ ಮನೆಗೆ. ನನ್ನ ಬಾಯಿ ಸ್ವಲ್ಪ ಜೋರು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೂ ಹೇಳುತ್ತಾರೆ, ಮಕ್ಕಳೂ ಹೇಳುತ್ತಾರೆ. ಮಕ್ಕಳು ಹಿಂದಿನಿಂದ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ.

ಬೆಳಿಗ್ಗೆ ಪ್ರಾರ್ಥನೆಯ ಜೊತೆಗೆ ಸಂವಿಧಾನದ ಪೀಠಿಕೆಯನ್ನು ಓದುವ ಪದ್ಧತಿ. ಒಬ್ಬರು ಹೇಳಿಕೊಟ್ಟರೆ ಉಳಿದವರು ಒಕ್ಕೊರಲಿನಿಂದ "ಭಾರತದ ಜನತೆಯಾದ ನಾವು" ಅಂತ ಕೂಗುತ್ತಿದ್ದರು. ಶುದ್ಧ ಗಿಣಿಪಾಠ. ಒಂದು ದಿನ ಮಳೆಯೆಂದು ಎಲ್ಲರನ್ನೂ ಜಗಲಿಯಲ್ಲಿ ನಿಲ್ಲಿಸಿದ್ದೆವು. ಎದುರಿಗೆ ಒಂಬತ್ತನೇ ಕ್ಲಾಸಿನ ಮಾದೇವ ಕಣ್ಣು ಮುಚ್ಚಿ ಭಕ್ತಿಯಿಂದ ಕಿರುಚುತ್ತಿದ್ದ. ಮುಗಿದ ಮೇಲೆ ಹಿಡಿದು ಕೇಳಿದೆ:

"ಲೋ, 'ನಾವು' ಅಂದ್ರೆ ಯಾರೋ?"

"ಪ್ರೇಯರ್‌ಗೆ ನಿಂತಿರೋರು ಮಿಸ್."

"ಹಾಗಾದ್ರೆ ಇವತ್ತು ರಜೆ ಹಾಕಿದವರು?"

"ಅವ್ರು ಬರಾಕಿಲ್ಲ ಮಿಸ್. ಅಬ್ಸೆಂಟು."

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಸಂಜೆ ಕೋಣೆಯಲ್ಲಿ ಅನ್ನಕ್ಕಿಟ್ಟು ಕೂತಾಗ ಮಾತ್ರ ನಗು ಬರಲಿಲ್ಲ. ಹದಿನೆಂಟು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಅಶೋಕನ ಶಾಸನ, ವಿಕ್ಟೋರಿಯಾ ರಾಣಿಯ ಘೋಷಣೆ, ಸಂವಿಧಾನ, ಎಲ್ಲವನ್ನೂ ಇಸವಿ ಸಮೇತ ಬೋರ್ಡಿನ ಮೇಲೆ ಬರೆದು ಉಜ್ಜಿ ಹಾಕಿದ್ದೇನೆ. ಇವೆಲ್ಲ ಯಾರೋ ಮನುಷ್ಯರು ಇನ್ಯಾರೋ ಮನುಷ್ಯರಿಗೆ ಬರೆದ ಕಾಗದ ಅಂತ ಒಂದು ಮಗುವಿಗಾದರೂ ಅನ್ನಿಸಿರಬಹುದೇ ಎಂದು ಯೋಚನೆಯಾಯಿತು.

ಹಾಗೆ ಶುರುವಾದದ್ದು ಗುಂಪಿನ ಪಾಠ. ಮೂರು ಮೂರು ಮಕ್ಕಳ ಗುಂಪು. ಒಬ್ಬರು ಓದಬೇಕು. ಇನ್ನೊಬ್ಬರು ಅದನ್ನು ಮನೆಯಲ್ಲಿ ಆಡುವ ಮಾತಿನಲ್ಲಿ ಹೇಳಬೇಕು. ಮೂರನೆಯವರು ಸುಮ್ಮನೆ ಒಪ್ಪಬಾರದು, ಪ್ರಶ್ನೆ ಹಾಕಬೇಕು. ಯಾವ ಕಾಗದವೇ ಆಗಲಿ ಐದು ಪ್ರಶ್ನೆ: ಬರೆದವರು ಯಾರು, ಯಾರಿಗೆ, ಯಾವಾಗ, ಏತಕ್ಕೆ, ಯಾರನ್ನು ಕೇಳದೆ ಬರೆದರು. ಐದನೆಯದು ನಾನು ಯೋಚಿಸಿ ಸೇರಿಸಿದ್ದಲ್ಲ, ಬಾಯಿಗೆ ಬಂತು, ಹೇಳಿಬಿಟ್ಟೆ. ಆ ಮಳೆಗಾಲವೆಲ್ಲ ಅದೇ ಪ್ರಶ್ನೆ ನನ್ನ ಬೆನ್ನು ಹತ್ತಿತು.

ದೊಡ್ಡ ಕಾಗದಗಳಿಗೆ ಹೋಗುವ ಮೊದಲು ಕೈ ಪಳಗಲಿ ಅಂತ "ನಿಮ್ಮ ಮನೆಯಲ್ಲಿರುವ ಹಳೇ ಕಾಗದ ಒಂದು ತನ್ನಿ, ಮನೆಯವರನ್ನು ಕೇಳಿ ತನ್ನಿ" ಅಂದೆ. ಬಂದವು ನೋಡಿ! ಲಗ್ನಪತ್ರಿಕೆಗಳು, ಇಲಿ ಕಡಿದ ಜಾತಕ, ಮಿಲಿಟರಿಯಲ್ಲಿದ್ದ ಮಾವನ ಇನ್‌ಲ್ಯಾಂಡ್ ಲೆಟರು. ಅಫ್ರೀನ್ ಅಂತ ಒಬ್ಬ ಹುಡುಗಿ, ಅವರಪ್ಪನಿಗೆ ಹೊಸ ಅಗ್ರಹಾರದಲ್ಲಿ ಟ್ರಂಕು, ಬೀಗ ರಿಪೇರಿ ಮಾಡುವ ಅಂಗಡಿ. ಅವಳು ತನ್ನ ದಾದಿಯ, ಅಂದರೆ ಅಜ್ಜಿಯ ಮದುವೆ ಪತ್ರ, ನಿಕಾಹ್‌ನಾಮೆ ತಂದಳು. ಉರ್ದುವಿನಲ್ಲಿತ್ತು, ಅವಳಿಗೂ ಓದಲು ಬಾರದು. "ಓದೋಕೆ ದಾದಿನೇ ಕರ್ಕೊಂಡ್ ಬರ್ಬೇಕು ಮಿಸ್, ಆದ್ರೆ ಅವ್ರು ಬಂದ್ರೆ ಹೋಗೋದಿಲ್ಲ, ಮಾತು ಜಾಸ್ತಿ" ಅಂದಳು.

ಅಫ್ರೀನ್, ಮಾದೇವ ಇದ್ದ ಗುಂಪಿನ ಮೂರನೆಯವಳು ಪಲ್ಲವಿ, ರೈತ ನಂಜೇಗೌಡರ ಮಗಳು. ನಿಧಾನಸ್ಥೆ, ಆದರೆ ಓದಲು ನಿಂತರೆ ಒಂದಕ್ಷರ ತಪ್ಪದು. ಅವಳು ತಂದದ್ದು ಛಾಪಾ ಕಾಗದ. ಹಸಿರು ಬಣ್ಣ, ಮೊಹರು, ಕೊನೆಯಲ್ಲಿ ಹೆಬ್ಬೆಟ್ಟಿನ ಗುರುತು. ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಅದನ್ನು ನೋಡಿ ನನಗೆ ಮಕ್ಕಳಿಗಿಂತ ಹೆಚ್ಚು ಖುಷಿಯಾಯಿತು. ಮನೆಯಲ್ಲಿ ಕೇಳಿ ತಂದೆಯಾ ಅಂತ ವಿಚಾರಿಸಲಿಲ್ಲ, ಪೂರ್ತಿ ಓದಿಯೂ ನೋಡಲಿಲ್ಲ. "ಭೇಷ್, ಇದೇ ಸರಿಯಾದ ದಸ್ತಾವೇಜು, ನಿಂತು ಓದು" ಅಂದೆ. ಇಡೀ ಕ್ಲಾಸಿನ ಮುಂದೆ ಅವಳು ಓದಿದಳು.

ಅದು ಹಕ್ಕು ಬಿಡುಗಡೆ ಪತ್ರ. ಪಲ್ಲವಿಯ ಸೋದರತ್ತೆ ಸಾಕಮ್ಮ, ತನ್ನ ಅಪ್ಪನ ಮೂರೆಕರೆ ಗದ್ದೆಯಲ್ಲಿ ತನಗೆ ಬರಬೇಕಾದ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದುಕೊಟ್ಟದ್ದು. ಪಲ್ಲವಿ ಹುಟ್ಟುವ ಮೊದಲಿನದು. ಈ ಕಡೆ ಇದು ಹೊಸದೇನಲ್ಲ. ಹೆಣ್ಣುಮಕ್ಕಳು ಪಾಲು ಕೇಳಬಾರದು, ಕೇಳಿದರೆ ತವರು ತಪ್ಪುತ್ತದೆ. ಹೆಬ್ಬೆಟ್ಟು ಒತ್ತಿದರೆ ವರ್ಷ ವರ್ಷ ಗೌರಿ ಹಬ್ಬಕ್ಕೆ ಅಣ್ಣ ಮೊರದ ಬಾಗಿನ ತಂದು ಕೊಡುತ್ತಾನೆ. ನನ್ನ ಅಮ್ಮನೂ ಒತ್ತಿದ್ದಳು. ನಾನೂ ರುಜು ಹಾಕಿದ್ದೇನೆ, ಅದೂ ಎಂ.ಎ. ಮಾಡಿಕೊಂಡು.

ಪತ್ರದ ಕೊನೆಯಲ್ಲಿ "ಯಾರ ಬಲವಂತವೂ ಇಲ್ಲದೆ, ಓದಿಸಿ ಕೇಳಿ, ತಿಳಿದು ಒಪ್ಪಿ" ಅಂತಿತ್ತು. ಪ್ರಶ್ನೆ ಹಾಕಬೇಕಾದ ಅಫ್ರೀನ್ ತನ್ನ ಕೆಲಸ ಮಾಡಿದಳು. "ಓದಿ ಹೇಳಿದ್ದು ಯಾರು ಮಿಸ್? ಅದು ಇದ್ರಲ್ಲಿ ಇಲ್ವಲ್ಲ."

ಆಗ ನನಗೆ ಎಚ್ಚರವಾಯಿತು. ಸಾಕು, ಕೂತುಕೋ ಅಂದೆ. ಆದರೆ ಪಲ್ಲವಿ ಕೂರುವವಳಲ್ಲ. ಅವಳನ್ನು ಎತ್ತಿ ಆಡಿಸಿದವಳೇ ಸಾಕಮ್ಮ. ಗಂಡ ಸತ್ತು, ಮಕ್ಕಳಿಲ್ಲದೆ ತವರಿಗೆ ಬಂದು, ಅಣ್ಣನ ಮನೆಯ ಒಲೆ ಗದ್ದೆ ಎರಡನ್ನೂ ಹೆಗಲ ಮೇಲೆ ಹಾಕಿಕೊಂಡವಳು. ಆ ಸಂಜೆ ರಾಗಿ ಬೀಸಿಸಿಕೊಂಡು ಬಂದ ಅತ್ತೆಯನ್ನು ಹಿತ್ತಿಲಲ್ಲಿ ಕೂರಿಸಿಕೊಂಡು ಪಲ್ಲವಿ ಕೇಳಿದಳಂತೆ, ಅವತ್ತು ನಿಂಗೆ ಯಾರು ಓದಿ ಹೇಳಿದ್ರು ಅಂತ. "ಯಾರ್ ಓದ್ತಾರೆ ಕಣವ್ವ, ಜೀಪು ಕಾಯ್ತಿತ್ತು. ಒತ್ತು ಅಂದ್ರು, ಒತ್ತಿದೆ" ಅಂದಳಂತೆ ಸಾಕಮ್ಮ. ಹುಡುಗಿ ಅಲ್ಲೇ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ್ದಾಳೆ. ಅತ್ತೆ ಎರಡು ಸಲ ಓದಿಸಿಕೊಂಡಳಂತೆ. ಆಮೇಲೆ ಎದ್ದು ಹೋಗಿ ಮುದ್ದೆಗೆ ಎಸರಿಟ್ಟಳಂತೆ.

ಕಾಲುವೆಗೆ ನೀರು ಬಿಟ್ಟರು. ಊರೆಲ್ಲ ನಾಟಿಯ ಸಡಗರ. ನಂಜೇಗೌಡರ ಗದ್ದೆಯಲ್ಲಿ ಪ್ರತಿ ವರ್ಷವೂ ಪೈರಿನ ಮೊದಲ ಕಂತೆ ಬಿಚ್ಚಿ ನೆಡುತ್ತಿದ್ದವಳು ಸಾಕಮ್ಮ. ಆ ವರ್ಷ, ಅಣ್ಣನ ಗದ್ದೆಯ ನಾಟಿಯ ದಿನ, ಅವಳು ಬೇರೆಯವರ ಗದ್ದೆಗೆ ಕೂಲಿಗೆ ಹೋದಳು. ಜಗಳವಿಲ್ಲ, ಬೈಗುಳವಿಲ್ಲ. ಬೆಳಿಗ್ಗೆ ಎಲ್ಲರಿಗೂ ರೊಟ್ಟಿ ತಟ್ಟಿಟ್ಟು, ಸೆರಗು ಸಿಕ್ಕಿಸಿಕೊಂಡು ಅಣ್ಣನ ಬದುವಿನ ಮೇಲೆಯೇ ನಡೆದು ಪಕ್ಕದ ಗದ್ದೆಗೆ ಇಳಿದಳು. ಅದನ್ನು ನೋಡಿದ ಮೇಲೆ ಊರಿಗೆ ಇನ್ನೇನು ಬೇಕು?

ಮಾರನೇ ದಿನ ನಂಜೇಗೌಡರು ಶಾಲೆಗೆ ಬಂದರು. ಎತ್ತರದ ಆಳು, ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು.

"ಏನ್ ಮೇಡಮ್ಮೋರೆ, ಪಾಠ ಯೋಳ್ಕೊಡಿ ಅಂತ ಮಕ್ಳ ಕಳ್ಸುದ್ರೆ ಮನೆ ಒಡೆಯೋದ್ ಯೋಳ್ಕೊಡ್ತಿದ್ದೀರಲ್ಲ! ನನ್ ತಂಗಿ ನನ್ ಗದ್ದೆಗೆ ಇಳೀತಿಲ್ಲ. ಊರ್ನಾಗೆ ನನ್ನ ಕಳ್ಳನ್ನ ನೋಡ್ದಂಗ್ ನೋಡ್ತಾವ್ರೆ."

"ತಪ್ಪು ನನ್ನದೇ ಗೌಡ್ರೆ. ಕೇಳದೆ ತಂದ ಕಾಗದ ಓದಿಸಬಾರದಿತ್ತು."

"ಓದಿದ್ದಾಯ್ತಲ್ಲ, ಇನ್ನೇನು. ನಾಳಿಂದ ಪಲ್ಲವಿ ಬರಾಕಿಲ್ಲ. ಬೇರೆ ಎಲ್ಲಾದ್ರೂ ಸೇರಿಸ್ತೀನಿ, ಇಲ್ದಿದ್ರೆ ಮನೇಲಿ ಬಿದ್ದಿರ್ಲಿ."

ಒಂದು ಮಗುವಿನ ಶಾಲೆ, ಒಬ್ಬ ಹೆಂಗಸಿನ ತವರು, ಎರಡನ್ನೂ ನಾನೇ ಕೈಯಾರೆ ಕಿತ್ತುಹಾಕಿದೆ ಅನ್ನಿಸಿತು. ಮೂರು ದಿನ ಪಲ್ಲವಿಯ ಜಾಗ ಖಾಲಿ. ಬೆಳಿಗ್ಗೆ "ನಾವು" ಅಂತ ಮಕ್ಕಳು ಕೂಗಿದಾಗಲೆಲ್ಲ ಮಾದೇವ ನನ್ನ ಮುಖ ನೋಡುತ್ತಿದ್ದ, ಅಬ್ಸೆಂಟು ಅಂತ ಹೇಳುವವನ ಹಾಗೆ.

ಶುಕ್ರವಾರ ಸಂಜೆ ಸಾಕಮ್ಮನನ್ನು ಹುಡುಕಿಕೊಂಡು ಗದ್ದೆ ಬಯಲಿಗೆ ಹೋದೆ. ಕ್ಷಮೆ ಕೇಳುವುದು ನನ್ನ ಉದ್ದೇಶ. ಅವಳು ಸೊಂಟ ನೆಟ್ಟಗೆ ಮಾಡಿ ನಿಂತು, ಕೆಸರಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಲವತ್ತೈದರ ಹತ್ತಿರದ ಹೆಂಗಸು, ಮುಖದಲ್ಲಿ ನಗುವಿನ ಗೆರೆಗಳೇ ಹೆಚ್ಚು.

"ನೀವ್ಯಾಕೆ ಅಳ್ಮೋರೆ ಆಕಂಡ್ ಬಂದಿದ್ದೀರಿ? ಮಗು ಓದಿದ್ದು ಸರಿ ಅದೆ. ಅದ್ಸರಿ, ದಿನಾ ಬೆಳ್ಗೆ ಅದೇನೋ ಕೂಗ್ತವಲ್ಲ ಇಸ್ಕೂಲ್ನಾಗೆ, ನಾವು ನಾವು ಅಂತ, ಈ ಬಯಲ್ ಗಂಟ ಕೇಳ್ತದೆ. ಅದೂ ಒಂದು ಕಾಗ್ಜವೇ ಅಂತಲ್ಲ. ಅದ್ನೂ ಒಂದ್ಸಲ ಓದ್ಸಿ ನಂಗೆ. ಯಾವ್ದೂ ಕೇಳ್ದೆ ಬುಟ್ಟು ಬುಟ್ಟು ಸಾಕಾಗ್ಯದೆ."

ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಹುಣಸೂರಿನ ಬಸ್ಸು ಬಿಟ್ಟು, ಮಾದೇವ, ಅಫ್ರೀನರನ್ನು ಕರೆದುಕೊಂಡು ಗದ್ದೆಗೆ ಹೋದೆ. ಪಲ್ಲವಿಯನ್ನು ಸಾಕಮ್ಮನೇ ಊಟ ತರುವ ನೆವದಲ್ಲಿ ಕರೆಸಿಕೊಂಡಿದ್ದಳು. ನಾಟಿಯ ಹೆಂಗಸರು ಬದುವಿನ ಮೇಲೆ ಸಾಲಾಗಿ ಕೂತು ಮುದ್ದೆ, ಉಪ್ಪೆಸರು ಊಟ ಮಾಡುತ್ತಿದ್ದರು. ಗುಂಪು ತನ್ನ ಕ್ರಮದಂತೆ ನಡೆಯಿತು. ಪಲ್ಲವಿ ನೋಟ್‌ಬುಕ್ಕಿನಿಂದ ಒಂದೊಂದೇ ಪದ ಓದುವುದು, ಮಾದೇವ ಅದನ್ನು ಊರ ಮಾತಿಗೆ ಇಳಿಸುವುದು. ನ್ಯಾಯ ಅಂದ್ರೆ ಒಬ್ರಿಗೆ ಬೆಣ್ಣೆ ಒಬ್ರಿಗೆ ಸುಣ್ಣ ಮಾಡ್ದೆ ಇರೋದು ಅಂದ. ಸಮಾನತೆ ಅಂದ್ರೆ ಪಂಕ್ತೀಲಿ ಯಾರ್ನೂ ಎಬ್ಬಿಸ್ದೆ ಇರೋದು ಅಂದ. ನಾನು ಕ್ಲಾಸಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿತ್ತು.

ಸಾಕಮ್ಮ ತುತ್ತು ಕೈಯಲ್ಲೇ ಹಿಡಿದು ಕೇಳುತ್ತಿದ್ದಳು.

"ಅಲ್ಲ ಕಣ್ಲಾ ಮಾದೇವ, ಭಾರತದ ಜನ ನಾವು ಅಂತ ಬರೆದವ್ರಲ್ಲ, ಇದ್ಕೆ ಯಾರ್ಯಾರ್ ಕೈಲಿ ಎಬ್ಬೆಟ್ಟು ಒತ್ತಿಸ್ಕಂಡ್ರು? ನಮ್ಮವ್ವನ್ನ ಕೇಳುದ್ರಾ?"

ಮಾದೇವ ನನ್ನ ಕಡೆ ನೋಡಿದ. ನಾನು ಸಂವಿಧಾನ ಸಭೆ, ಅದರ ಸದಸ್ಯರು ಅಂತ ಶುರು ಮಾಡಿ ಅರ್ಧಕ್ಕೇ ತಡವರಿಸಿದೆ.

"ಅಂಗಾರೆ ಇದೂ ನನ್ ಪತ್ರದಂಗೇಯ. ಯಾರೋ ಎಲ್ಲೋ ಕುಂತ್ಕಂಡು ಬರೆದವ್ರೆ, ನಮ್ ಎಸ್ರು ಆಕವ್ರೆ."

ಉತ್ತರ ಬಂದದ್ದು ಪ್ರಶ್ನೆ ಹಾಕುವ ಕೆಲಸದವಳಾದ ಅಫ್ರೀನಳಿಂದ. ಅವಳು ಪಲ್ಲವಿಯ ನೋಟ್‌ಬುಕ್ಕನ್ನು ಎಳೆದುಕೊಂಡು ಇನ್ನೊಮ್ಮೆ ಓದಿ ನೋಡಿ, ಆಮೇಲೆ ಹೇಳಿದಳು.

"ಎರಡೂ ಕೇಳ್ದೇನೇ ಬರ್ದಿರೋದು ಸಾಕಮ್ಮತ್ತೆ, ಅದು ಸರಿ. ಆದ್ರೆ ನಿಮ್ ಪತ್ರ ನಿಮ್ ಹತ್ರ ಇದ್ದಿದ್ದನ್ನ ಕಿತ್ಕೊಳ್ತು. ಇದು ನಿಮ್ಮವ್ವನ ಹತ್ರ ಇಲ್ದೇ ಇದ್ದಿದ್ದನ್ನ ಕೊಡ್ತೀನಿ ಅಂತದೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಾಕಮ್ಮ ಆ ಹುಡುಗಿಯ ತಲೆ ಮುಟ್ಟಲು ಕೈ ಚಾಚಿ, ಎಂಜಲು ಕೈಯೆಂದು ಹಿಂದಕ್ಕೆ ತೆಗೆದುಕೊಂಡಳು.

ಅಷ್ಟರಲ್ಲಿ ನಂಜೇಗೌಡರು ಬಂದರು. ಊಟ ಕೊಟ್ಟು ಬರುತ್ತೇನೆಂದು ಹೋದ ಮಗಳು ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಹುಡುಕಿಕೊಂಡು ಬಂದಿದ್ದರು. ನನ್ನನ್ನು ಕಂಡದ್ದೇ ಮುಖ ಕೆಂಪಾಯಿತು. "ಏಳೆ ಪಲ್ಲವಿ, ನಡಿ ಮನೆಗೆ."

"ನಿಂತ್ಕೊ ಅಣ್ಣಯ್ಯ" ಅಂದಳು ಸಾಕಮ್ಮ. ದನಿ ಏರಿಸಲಿಲ್ಲ. "ಮಗೀನ ಮ್ಯಾಲ್ಯಾಕೆ ಕ್ವಾಪ? ನಾ ಯೋಳ್ತೀನಿ ಕೇಳು. ಒತ್ತವ್ವ, ವರ್ಸ ವರ್ಸ ಬಾಗಿನ ಬತ್ತದೆ ಅಂದ್ರು, ಒತ್ತಿದೆ. ಮೂರು ವರ್ಸ ಬಂತು. ನನ್ ಗಂಡ ಸತ್ತ, ಬಾಗಿನಾನೂ ನಿಲ್ಸುದ್ರಿ. ಮುಂಡೇಗೆ ಎಂತ ಬಾಗಿನ ಅಂದ್ರು ಊರೋರು. ಸತ್ತಿದ್ದು ನನ್ ಗಂಡ ಕಣಣ್ಣ. ನನ್ನಣ್ಣ ಬದುಕಿದ್ನಲ್ಲ."

ನನಗೆ ಅಳು ಬಂತು, ಮುಚ್ಚಿಕೊಳ್ಳಲೂ ಇಲ್ಲ. ನಂಜೇಗೌಡರು ಅಲ್ಲೇ ಬದುವಿನ ಮೇಲೆ ಕುಕ್ಕರಿಸಿದರು. ತಂಗಿಯ ಮುಖ ನೋಡದೆ, ಎದುರಿನ ನೀರು ನೋಡುತ್ತಾ ಅಂದರು:

"ನಾನೂ ಅದ್ನ ಓದಿರ್ನಿಲ್ಲ ಕಣವ್ವ. ದೊಡ್ಡಪ್ಪ ಮಾಡ್ಸಿದ್ದು. ಎಲ್ಲಾರ್ ಮನೇಲೂ ಇಂಗೇಯ, ರುಜು ಆಕು ಅಂದ್ರು, ಆಕ್ದೆ." ಆಮೇಲೆ ಮಗಳ ಕಡೆ ತಿರುಗಿದರು. "ಅದ್ರಾಗೇನದೆ ಓದವ್ವ. ನಾನೂ ಕೇಳ್ತೀನಿ."

ಪತ್ರವನ್ನು ಅವರೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು. ಪಲ್ಲವಿಗೆ ಅದು ಬೇಕಾಗಲಿಲ್ಲ. ಎದ್ದು ನಿಂತು, ಕೈಕಟ್ಟಿಕೊಂಡು, ಗದ್ದೆಯ ನಾಲ್ಕು ದಿಕ್ಕಿನ ಚಕ್ಕುಬಂದಿಯ ಸಮೇತ ಪೂರ್ತಿ ಪತ್ರವನ್ನು ಬಾಯಿಪಾಠ ಒಪ್ಪಿಸಿದಳು. ಅಷ್ಟು ಸಲ ಓದಿಕೊಂಡಿದ್ದಳು ಆ ಮಗು. ಗೌಡರು ತಲೆ ತಗ್ಗಿಸಿ ಕೊನೆಯವರೆಗೆ ಕೇಳಿ, ಪಂಚೆ ಕೊಡವಿಕೊಂಡು ಎದ್ದು ಹೋದರು. ಮಗಳನ್ನು ಕರೆಯಲಿಲ್ಲ.

ಮಾರನೇ ದಿನ ಸಾಕಮ್ಮ ಅಣ್ಣನ ಗದ್ದೆಗೆ ಇಳಿದಳು ಅಂತ ಬರೆದರೆ ಓದುವುದಕ್ಕೆ ಚೆನ್ನಾಗಿರುತ್ತದೆ. ಇಳಿಯಲಿಲ್ಲ. ಗೌಡರು ಬೇರೆ ಊರಿನಿಂದ ಆಳು ಕರೆಸಿ ಉಳಿದ ನಾಟಿ ಮುಗಿಸಿದರು. ಅಣ್ಣ ತಂಗಿ ಒಂದೇ ಸೂರಿನಡಿ ಇದ್ದು, ಬೇಕಾದಷ್ಟೇ ಮಾತಾಡಿಕೊಂಡು ದಿನ ಕಳೆದರು. ಆದರೆ ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಪಲ್ಲವಿ ಬಂದು ನಿಂತಿದ್ದಳು. ಮಾದೇವ ನನ್ನ ಕಡೆ ನೋಡಿ ಹಲ್ಲು ಕಿರಿದ. ಸುಮ್ಮನೆ ಓದೋ ಅಂತ ಗದರಿಸಿದೆ.

ಗೌರಿ ಹಬ್ಬಕ್ಕೆ ಎರಡು ದಿನ ಇದೆ ಅನ್ನುವಾಗ ನಂಜೇಗೌಡರು ಹೊಸ ಅಗ್ರಹಾರದ ನನ್ನ ಕೋಣೆಯ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ. "ಅಬ್ಬಕ್ಕೆ ನಮ್ಮನೇಗ್ ಬನ್ನಿ ಮೇಡಮ್ಮೋರೆ. ನಮ್ಮೆಂಗಸ್ರು ಕರೀತಾವ್ರೆ" ಅಂದು, ನಾನು ಉತ್ತರ ಹೇಳುವ ಮೊದಲೇ ಮೆಟ್ಟಿಲಿಳಿದರು.

ಹೋದೆ. ಜಗಲಿಯಲ್ಲಿ ಸಾಕಮ್ಮನನ್ನು ಮಣೆಯ ಮೇಲೆ ಕೂರಿಸಿದ್ದರು. ಎದುರಿಗೆ ಮೊರದ ಬಾಗಿನ: ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಒಂದು ಸೀರೆ, ಎಲ್ಲರ ಬಾಗಿನದಲ್ಲಿ ಇರುವ ಹಾಗೆಯೇ ಹಸಿರು ಬಳೆ. ತುಂಬಿದ್ದು ಅವಳ ಅತ್ತಿಗೆ, ಪಲ್ಲವಿಯ ಅಮ್ಮ. ಪಕ್ಕದ ಮನೆಯ ಮುದುಕಿಯೊಬ್ಬಳು ಬಾಗಿಲಲ್ಲಿ ನಿಂತು ಏನೋ ಗೊಣಗಿದಳು. ಅತ್ತಿಗೆ ಕೇಳಿಸದವಳ ಹಾಗೆ ಮೊರದ ಅಂಚಿಗೆ ಅರಿಶಿನ ಹಚ್ಚುತ್ತಿದ್ದಳು. ನಂಜೇಗೌಡರು ಎರಡೂ ಕೈಯಲ್ಲಿ ಮೊರ ಎತ್ತಿ ಕೊಟ್ಟರು. ಸಾಕಮ್ಮ ಸೆರಗೊಡ್ಡಿ ತೆಗೆದುಕೊಂಡಳು.

"ಇನ್ನೊಂದ್ ಮಾತದೆ" ಅಂದರು ಗೌಡರು. "ಕಾಲ್ವೆ ಕೆಳಗ್ಲ ಅತ್ತು ಗುಂಟೆ ನಿನ್ ಎಸ್ರಿಗೆ ಬರ್ಕೊಡ್ತೀನಿ ಕಣವ್ವ."

ಅತ್ತಿಗೆ ಕಣ್ಣೊರೆಸಿಕೊಂಡಳು. ಪಲ್ಲವಿ ನನ್ನ ಕೈ ಹಿಡಿದು ಹಿಸುಕಿದಳು. ಅಂತೂ ಎಲ್ಲ ಸುಖವಾಗಿ ಮುಗಿಯಿತು ಅಂದುಕೊಂಡೆ. ಮುಗಿದಿರಲಿಲ್ಲ.

"ಮೂರೆಕ್ರೇಲಿ ಅತ್ತು ಗುಂಟೆ ಯಾವ್ ಲೆಕ್ಕ ಅಣ್ಣಯ್ಯ?"

"ಲೆಕ್ಕ ಏನ್ ಬಂತವ್ವ, ಪ್ರೀತಿಯಿಂದ ಕೊಡ್ತಾವ್ನಿ."

ಸಾಕಮ್ಮ ಮಡಿಲಲ್ಲಿದ್ದ ಮೊರವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.

"ಪ್ರೀತಿ ಮೊರದಾಗಿಟ್ಟು ಕೊಟ್ಟಿದ್ದೀಯಲ್ಲ, ಕಣ್ಣಿಗೊತ್ಕಂಡ್ ತಕಂಡಿವ್ನಿ. ಕಾಗ್ಜದಾಗೆ ಪ್ರೀತಿ ಬರೀಬ್ಯಾಡ. ನನ್ ಪಾಲು ಎಷ್ಟೋ ಅಷ್ಟು ಬರಿ."

ಗೌಡರು ನನ್ನ ಕಡೆ ನೋಡಿದರು. ನಾನು ನೆಲದ ರಂಗೋಲಿ ನೋಡಿದೆ. ಈ ಪ್ರಶ್ನೆಗೆ ಉತ್ತರ ಹೇಳಬೇಕಾದವಳು ನಾನಲ್ಲ. ಅವರು ಎದ್ದು ಅಂಗಳಕ್ಕೆ ಹೋಗಿ, ದನಕ್ಕೆ ಹುಲ್ಲು ಎಳೆದು ಹಾಕಿ, ಮತ್ತೆ ಒಳಗೆ ಬಂದರು. ಅತ್ತಿಗೆ ಏನೋ ಹೇಳಲು ಬಾಯಿ ತೆರೆದವಳು ಗಂಡನ ಮುಖ ನೋಡಿ ದೀಪಕ್ಕೆ ಎಣ್ಣೆ ಹಾಕಲು ಎದ್ದಳು.

"ಪುಸ್ತ್ಕ ತಕ್ಕಬಾ ಪಲ್ಲವಿ" ಅಂದರು. "ನಿಮ್ಮತ್ತೆ ಯೋಳ್ದಂಗೆ ಬರ್ಕೊ. ಪತ್ರ ಬರೆಯೋರಿಗೆ ಅದ್ನೇ ಕೊಡಾನ."

ಪಲ್ಲವಿ ಶಾಲೆಯ ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆರೆದು, ಅತ್ತೆಯ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. "ನೀನೇ ಯೋಳತ್ತೆ. ನೀ ಯೋಳಿದ್ದೇ ಬರೀತೀನಿ."

ಸಾಕಮ್ಮ ಗಂಟಲು ಸರಿ ಮಾಡಿಕೊಂಡಳು. "ನಾನು" ಅಂದಳು. ಪಲ್ಲವಿ ಬರೆದುಕೊಂಡಳು. ಆಮೇಲೆ ಸಾಕಮ್ಮ ಮುಂದಕ್ಕೆ ಬಾಗಿ, ಅದು ಯಾವ ಅಕ್ಷರ ಅಂತ ಬೆರಳಿಟ್ಟು ಕೇಳಿದಳು. ಯಾರೂ ಅವಸರ ಮಾಡಲಿಲ್ಲ.